ರಾತ್ರಿ ಪಾಳಿಯ ನೀಲಿ ಸೈನ್

ಮೇ 9, ರಾತ್ರಿ 10.50

ಯೂನಿಫಾರ್ಮ್ ಇಸ್ತ್ರಿ ಆಯ್ತು. ಎರಡು ಜೊತೆ. ಒಂದರ ಕಾಲರ್ ಸ್ವಲ್ಪ ಸುಟ್ಟೆ. ಒಳಗೆ ಮಡಚ್ಕೊಂಡ್ರೆ ಕಾಣಲ್ಲ.

ವಾರ್ಡಲ್ಲಿ ಬರ್ದು ಬರ್ದು ಕೈ ಸತ್ತಿರುತ್ತೆ, ಅದಕ್ಕೇ ಫೋನಿಗೆ ಹೇಳೋದು ಅಭ್ಯಾಸ ಆಗಿದೆ. ಯಾರೂ ಕೇಳಲ್ಲ. ನಾನೂ ಕೇಳಲ್ಲ. ಮೆಲ್ಲಗೆ ಮಾತಾಡ್ಬೇಕು ಅಷ್ಟೇ — ಕ್ವಾರ್ಟರ್ಸ್ ಗೋಡೆ ತೆಳು, ಪಕ್ಕದಲ್ಲಿ ಓಟ್ಸಿಲೆ. ಗಂಡಸರ ವಾರ್ಡಿನ ನರ್ಸ್. ಬೆಳಿಗ್ಗೆ ಸಿಕ್ಕಿದ್ರೆ "ಏನ್ ಮಲಾವಿ, ರಾತ್ರಿಯೆಲ್ಲಾ ಯಾರ ಹತ್ರ ಪಿಸುಪಿಸು" ಅಂತಾನೆ. ನನ್ನ ದೇಶದ ಹೆಸರಿಂದ್ಲೇ ನನ್ನ ಕರೀತಾನೆ.

ಐರ್ಲೆಂಡ್ ಅರ್ಜಿ ಮುಕ್ಕಾಲು ಆಯ್ತು. ಬಾಕಿ ಒಂದೇ ಕಾಗದ, ಗುಡ್ ಸ್ಟ್ಯಾಂಡಿಂಗ್. ತವೊಂಗಾ ಮ್ಸುಕ್ವಾ ಅನ್ನೋ ಈ ನರ್ಸ್ ಮೇಲೆ ಯಾವ ದೂರೂ ಇಲ್ಲ ಅಂತ ಇಲ್ಲಿನ ನರ್ಸಿಂಗ್ ಕೌನ್ಸಿಲ್ ಬರ್ಕೊಡ್ಬೇಕು. ಅದಕ್ಕೂ ಮೊದಲು ಮೇಟ್ರನ್ ತ್ಲಾಲೆ ಒಂದು ಫಾರ್ಮಿಗೆ ಸೈನ್ ಹಾಕ್ಬೇಕು. ಇವತ್ತು ಕೊಟ್ಟು ಬಂದೆ. "ಇಡು ಅಲ್ಲಿ" ಅಂದ್ರು. ತಲೆ ಎತ್ತಲಿಲ್ಲ.

ಬೊಟ್ಸ್ವಾನಾಗೆ ಬಂದು ಎರಡು ವರ್ಷ ನಾಲ್ಕು ತಿಂಗಳು. ಇದು ಮೂರನೇ ಊರು. ಅಮ್ಮ ಫೋನಲ್ಲಿ ಕೇಳ್ತಾಳೆ, "ನಿನ್ನ ಕಾಲಿಗೆ ಏನಾಗಿದೆ, ಒಂದು ಕಡೆ ನಿಲ್ಲಲ್ವಾ." ಏನ್ ಹೇಳ್ಲಿ. ನಮ್ಮೂರಲ್ಲಿ ಪಾಸಾಗಿ ಎರಡು ವರ್ಷ ನಿಂತೇ ಇದ್ನಲ್ಲ. ನರ್ಸ್ ಸಾಲಲ್ಲ ಸಾಲಲ್ಲ ಅಂತ ರೇಡಿಯೋ ಹೇಳ್ತಾನೇ ಇತ್ತು. ಕೆಲಸ ಮಾತ್ರ ಯಾರೂ ಕೊಡ್ಲಿಲ್ಲ.

ನಾಳೆ ಸಂಘದ ನೋಟಿಸ್ ಅಂಟಿಸ್ಬೇಕು. ನರ್ಸ್‌ಗಳ ಸಂಘಕ್ಕೆ ನಮ್ಮ ಆಸ್ಪತ್ರೆ ಪ್ರತಿನಿಧಿ ಈಗ ನಾನು. ಹಳೇ ಪ್ರತಿನಿಧಿ ಇಂಗ್ಲೆಂಡಿಗೆ ಹೋದ್ಲು. ಮುಂದೆ ಯಾರು ಅಂತ ಮೀಟಿಂಗಲ್ಲಿ ಕೇಳ್ದಾಗ ಎಲ್ಲಾರೂ ನೆಲ ನೋಡ್ತಿದ್ರು, ನಾನೊಬ್ಬಳು ಗಡಿಯಾರ ನೋಡೋಕೆ ತಲೆ ಎತ್ತಿದೆ. ಅಷ್ಟಕ್ಕೇ ಚಪ್ಪಾಳೆ.

ಮೇ 12, ಬೆಳಿಗ್ಗೆ 9.15

ನೈಟ್ ಮುಗಿಸ್ಕೊಂಡು ಬಂದೆ. ಕಣ್ಣು ಉರೀತಿದೆ, ನಿದ್ದೆ ಬರ್ತಿಲ್ಲ.

ಪಕ್ಕದ ವಾರ್ಡಲ್ಲಿ ಏನೋ ಆಗೋಯ್ತು. ಹೆಂಗಸರ ಆಪರೇಷನ್ ವಾರ್ಡಲ್ಲಿ ರಾತ್ರಿ ಮ್ಮಾ ಬಸಾದಿ ಒಬ್ಬರೇ — ಹಿರಿ ಹೆಂಗಸರನ್ನ ಇಲ್ಲಿ ಮ್ಮಾ ಅಂತಾರೆ. ಮೂವತ್ತನಾಲ್ಕು ಜನ ಪೇಷೆಂಟ್, ಐದು ಜನ ನೆಲದ ಮೇಲೆ. ನನ್ನ ಕಡೆ ಇಪ್ಪತ್ತೆಂಟು, ನಾನೂ ಒಬ್ಬಳೇ. ನಡುವೆ ಒಂದು ಗಾಜಿನ ಬಾಗಿಲು. ಒಂದು ಸಲ ಆ ಗಾಜಲ್ಲಿ ಕಂಡ್ರು — ಎರಡೂ ಕೈ ತುಂಬ ರಕ್ತದ ಬಟ್ಟೆ, ಓಡ್ತಿದ್ರು. ಐವತ್ತೆಂಟು ವರ್ಷದ ಹೆಂಗಸು ಓಡ್ತಿದ್ರು. ನನ್ನ ಕೈಯಲ್ಲಿ ಆಗ ಒಬ್ಬ ಅಜ್ಜಿಯ ಆಕ್ಸಿಜನ್. ಹೋಗೋಕಾಗ್ಲಿಲ್ಲ.

ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಇತ್ತೋ, ಆಗಿತ್ತೋ. ಬಾಗಿಲ ಹತ್ರ ಬಂದ್ರು ಡ್ರಗ್ ಬುಕ್ ಹಿಡ್ಕೊಂಡು. "ಮಗಳೇ, ಮೂರು ಸೈನ್."

ಪೆಥಿಡಿನ್ ಇಂಜೆಕ್ಷನ್ನಿನ ಲೆಕ್ಕ ಅದು — ನೋವಿಗೆ ಕೊಡೋದು, ಚಟ ಹಿಡಿಸೋ ಔಷಧಿ, ಅದಕ್ಕೇ ಬೀಗದ ಕಪಾಟು. ರೂಲ್ ಪ್ರಕಾರ ಕಪಾಟಿಂದ ಒಂದೊಂದು ತೆಗೆದಾಗ್ಲೂ ಇಬ್ಬರು ನರ್ಸ್ ಅಲ್ಲೇ ನಿಂತು ನೋಡ್ಬೇಕು, ಇಬ್ಬರೂ ಸೈನ್ ಹಾಕ್ಬೇಕು. ರಾತ್ರಿ ಇಬ್ಬರು ಎಲ್ಲಿಂದ ಬರ್ಬೇಕು? ಒಬ್ಬಳು ಕೊಡ್ತಾಳೆ, ಬರೀತಾಳೆ. ಬೆಳಿಗ್ಗೆ ಪಕ್ಕದ ವಾರ್ಡಿನವಳು ಸೈನ್ ಹಾಕ್ತಾಳೆ. ನಾನು ಕೆಲಸ ಮಾಡಿದ ಮೂರೂ ಊರಲ್ಲಿ ಹೀಗೇ. ಹಾಕ್ದೆ. ಮೂರು ಸಾಲು. ಓದ್ಲಿಲ್ಲ.

ಡೇ ಡ್ಯೂಟಿಯವಳು ಎಣಿಸಿದ್ಲು. ಆರು ಇರ್ಬೇಕಿತ್ತು. ನಾಲ್ಕು.

ಮ್ಮಾ ಬಸಾದಿ ಹಣೆ ಒತ್ಕೊಂಡ್ರು. "ನಿಲ್ಲಿ, ನಿಲ್ಲಿ, ಒಂದು ಒಡೀತು, ಒಂದು ಕೊಟ್ಟೆ, ಬರೆಯೋಕೆ ಆಗ್ಲಿಲ್ಲ, ಈಗ ಬರೀತೀನಿ" ಅಂತ ಬುಕ್ಕಿಗೆ ಕೈ ಚಾಚಿದ್ರು. ಅಷ್ಟರಲ್ಲಿ ಮೇಟ್ರನ್ ತ್ಲಾಲೆ ಒಳಗೆ ಬಂದ್ರು. ಬುಕ್ ಎತ್ಕೊಂಡು ಕಂಕುಳಲ್ಲಿ ಇಟ್ಕೊಂಡ್ರು.

"ಈಗ ಯಾರೂ ಏನೂ ಬರೆಯೋ ಹಾಗಿಲ್ಲ, ಬಸಾದಿ."

ಮೇ 15, ಸಂಜೆ 7.40

ಮ್ಮಾ ಬಸಾದೀನ ಸಸ್ಪೆಂಡ್ ಮಾಡಿದ್ರು. ಆರೋಪ — ಔಷಧಿ ಕಳ್ಳತನ. ಮೂವತ್ತೊಂದು ವರ್ಷ ಸರ್ವಿಸ್. ನಿವೃತ್ತಿಗೆ ಎರಡು ವರ್ಷ. ಸಾಬೀತಾದ್ರೆ ಲೈಸೆನ್ಸ್ ಹೋಗುತ್ತೆ, ಪಿಂಚಣಿ ಹೋಗುತ್ತೆ. ಜೊತೆಗೆ ಆ ಮಾತು. ಗೇಟ್ ಹತ್ರ ಹಿಟ್ಟಿನುಂಡೆ, ಮಗ್ವಿನ್ಯಾ, ಕರಿಯೋ ಹೆಂಗಸು ಬಾಣಲೆಯಿಂದ ತಲೆ ಎತ್ತದೆ ಕೇಳಿದ್ಲು, "ಆ ದೊಡ್ಡ ನರ್ಸು ಚುಚ್ಕೋತಾರಂತೆ, ಹೌದಾ?"

ನೋಟಿಸಿನ ಒಂದು ಪ್ರತಿ ಸಂಘದ ಪ್ರತಿನಿಧಿಗೂ ಕೊಡ್ಬೇಕು. ಕೊಟ್ರು. ನಿಂತ್ಕೊಂಡೇ ಓದ್ದೆ. ಮೂರನೇ ಪ್ಯಾರಾ — "ತಾನು ಒಬ್ಬಳೇ ಇದ್ದೆ ಎಂಬ ಹೇಳಿಕೆ ಸುಳ್ಳು. ರಾತ್ರಿ 11, 2 ಮತ್ತು 4.30ಕ್ಕೆ ಇನ್ನೊಬ್ಬ ನೋಂದಾಯಿತ ನರ್ಸ್ ಹಾಜರಿದ್ದರೆಂದು ಅವರ ಸಹಿಯೇ ಹೇಳುತ್ತದೆ. ಹಾಜರಿದ್ದವರ ಕಣ್ಣೆದುರು ಔಷಧಿಯ ಗಾಜಿನ ಆಂಪೂಲ್ ಒಡೆದಿದ್ದರೆ ಅದು ದಾಖಲಾಗಬೇಕಿತ್ತು."

ಹಾಜರಿದ್ದವಳು ನಾನು.

ಕಾಗದ ಮಡಚಿ ಜೇಬಲ್ಲಿಟ್ಟೆ. ಮತ್ತೆ ತೆಗೆದು ಓದ್ದೆ. ಕೆಳಗೆ ನನ್ನ ಹೆಸರು ಸರಿಯಾಗೇ ಬರ್ದಿದಾರೆ. ಈ ದೇಶದಲ್ಲಿ ಮೊದಲನೇ ಸಲ.

ಮೇ 16, ಮಧ್ಯಾಹ್ನ 3

ಮ್ಮಾ ಬಸಾದಿ ಮನೆಗೆ ಹೋಗಿದ್ದೆ. ಅಂಗಳ ಗುಡಿಸಿ ಗೆರೆ ಗೆರೆ ಮಾಡಿದಾರೆ, ಕಾಲಿಡೋಕೆ ಮನಸು ಬರಲ್ಲ. ಮೂರು ಕಾಲಿನ ಪಾತ್ರೆಯಲ್ಲಿ ಸೊಪ್ಪು ಬೇಯ್ತಿತ್ತು. ಮೊದಲು ಊಟ ಹಾಕಿದ್ರು, ಆಮೇಲೆ ಮಾತು.

"ಏನಾಯ್ತು ಅಂದ್ರೆ," ಅಂದ್ರು, "ಹದಿನಾರನೇ ಬೆಡ್ ಹುಡುಗಿಗೆ ಚುಚ್ಚಿದೆ. ಬುಕ್ ಕಡೆ ಬರ್ತಿದ್ದೆ, ಒಂಬತ್ತನೇ ಬೆಡ್ಡಿಂದ ರಕ್ತ ತೊಟ್ಟಿಕ್ಕೋ ಸದ್ದು ಕೇಳ್ತು. ಸದ್ದು, ಮಗಳೇ. ಬುಕ್ ಬಿಟ್ಟು ಓಡ್ದೆ. ಇನ್ನೊಂದು ಇಂಜೆಕ್ಷನ್ ಕೈ ಜಾರಿ ಒಡೀತು. ಪಕ್ಕದಲ್ಲೇ ನೆಲದ ಮೇಲೆ ಜನ ಬರಿಗಾಲಲ್ಲಿ, ಗಾಜು ಗುಡಿಸಿ ಸೂಜಿ ಎಸೆಯೋ ಡಬ್ಬಿಗೆ ಹಾಕ್ದೆ. ಬೆಳಿಗ್ಗೆ ಬರೀಬೇಕು ಅಂದ್ಕೊಂಡೆ. ಬೆಳಿಗ್ಗೆ ನನ್ನ ತಲೇಲಿ ಏನೂ ಇರ್ಲಿಲ್ಲ."

"ಹದಿನಾರನೇ ಬೆಡ್ ಹುಡುಗೀನೇ ಕೇಳ್ಬೋದಲ್ಲ?"

"ಕೇಳಿದಾರೆ. ನೋವು ಹೋಯ್ತು, ನಿದ್ದೆ ಬಂತು, ಎಷ್ಟು ಸಲ ಚುಚ್ಚಿದ್ರೋ ಗೊತ್ತಿಲ್ಲ ಅಂದ್ಲಂತೆ. ಪಾಪ, ಅವಳೇನು ಎಣಿಸ್ತಾ ಮಲಗಿದ್ಲಾ."

"ಮ್ಮಾ, ನಾನು ಅಲ್ಲಿರ್ಲಿಲ್ಲ ಅಂತ ಹೇಳ್ಬಿಟ್ರೆ —"

"ನೀನು ಅಲ್ಲಿದ್ದೆ."

"ಇರ್ಲಿಲ್ಲ."

"ತವೊಂಗಾ. ನಾನು ಕರ್ದೆ, ನೀನು ಹಾಕ್ದೆ. ಸುಳ್ಳು ಸಾಕ್ಷಿ ಸೈನ್ ಅಂತ ನಿನ್ನ ಮೇಲೆ ಬರ್ಕೊಂಡ್ರೆ, ಇಲ್ಲಿಂದ ನಿಮ್ಮ ದೇಶದ ಕೌನ್ಸಿಲ್ಲಿಗೂ ಕಾಗದ ಹೋಗುತ್ತೆ. ಆಮೇಲೆ ನಿನ್ನ ಆ ಐಸ್‌ಲೆಂಡು —"

"ಐರ್ಲೆಂಡು."

"ಯಾವುದೋ ಒಂದು. ಚಳಿ ದೇಶ. ಅಲ್ಲಿಗೂ ಇಲ್ಲ, ಎಲ್ಲಿಗೂ ಇಲ್ಲ. ನನಗೆ ಐವತ್ತೆಂಟು. ಎಲ್ಲಾ ನೋಡಾಯ್ತು. ತಟ್ಟೇಲಿರೋದು ಮುಗಿಸು."

ಮುಗಿಸಿದೆ. ತಟ್ಟೆ ತೊಳೆದಿಟ್ಟು ಬಂದೆ.

ಮೇ 20, ರಾತ್ರಿ 11.30

ಸಂಘದ ಆಫೀಸಿಂದ ರ್ರಾ ಸೆಬೀನಾ — ಗಂಡಸರಿಗೆ ಇಲ್ಲಿ ರ್ರಾ — ಬಂದಿದ್ರು, ರಾಜಧಾನಿ ಗ್ಯಾಬೊರೋನ್ ಬಸ್ಸಲ್ಲಿ. ಸಣ್ಣ ಆಳು, ದೊಡ್ಡ ಫೈಲು. ಮಾಜಿ ನರ್ಸ್. "ಹದಿನಾಲ್ಕು ವರ್ಷ ವಾರ್ಡು, ಹತ್ತು ವರ್ಷ ಸಂಘ, ಎರಡು ಕಡೆನೂ ಊಟಕ್ಕೆ ಟೈಮಿಲ್ಲ" ಅಂತ ಮೂರು ಮಗ್ವಿನ್ಯಾ ಕಟ್ಟಿಸ್ಕೊಂಡ್ರು. ಪಾರ್ಕಿಂಗ್ ಹತ್ರ ಮರದ ಕೆಳಗೆ ಕೂತ್ವಿ. ನಾನು ಬಾಯಿ ತೆಗೆದೆ, ಅವರು ಎಣ್ಣೆ ಕೈ ಎತ್ತಿ ತಡೆದ್ರು.

"ಮೊದಲು ನನ್ನ ಮಾತು ಕೇಳು. ನಾನು ಬಂದಿರೋದು ಬಸಾದಿ ಪರವಾಗಿ. ನೀನೂ ಸದಸ್ಯೆ. ಒಬ್ಬರನ್ನ ಉಳಿಸೋಕೆ ಇನ್ನೊಬ್ಬರನ್ನ ಬಾವಿಗೆ ತಳ್ಳೋ ಕೆಲಸ ಸಂಘ ಮಾಡಲ್ಲ. ಅದಕ್ಕೇ, ನನಗೆ ಉಪಯೋಗಕ್ಕೆ ಬರೋ ಮಾತು ಏನಾದ್ರೂ ಇದ್ರೆ ಹೇಳ್ಬೇಡ. ಹೇಳಿದ್ರೆ ನಾನು ಉಪಯೋಗಿಸ್ಬೇಕಾಗುತ್ತೆ."

"ಹಾಗಾದ್ರೆ ನಾನೇನು ಹೇಳ್ಲಿ?"

"ಹವಾಮಾನ ಹೇಳು."

ಒಂದು ಮಗ್ವಿನ್ಯಾ ನಂಗೆ ಕೊಟ್ರು. ಆಮೇಲೆ ಫೈಲಿಂದ ಒಂದು ಹಾಳೆ ತೆಗೆದು ನನ್ನ ತೊಡೆ ಮೇಲಿಟ್ರು. ಡ್ರಗ್ ಬುಕ್ಕಿನ ಆ ಪುಟ. ಫೋಟೊಕಾಪಿ.

"ಇದರಲ್ಲಿ ಎಲ್ಲಾ ಕಪ್ಪು," ಅಂದ್ರು. "ಅಸಲು ಬುಕ್ ಮೇಟ್ರನ್ ಕಪಾಟಲ್ಲಿದೆ. ನೋಡೋ ಹಕ್ಕು ನಂಗಿದೆ. ಇನ್ನೂ ಕೇಳಿಲ್ಲ."

"ಯಾಕೆ?"

"ನೋಡಿದ್ರೆ ಗೊತ್ತಾಗ್ಬಿಡುತ್ತಲ್ಲ."

ಒಂದು ನಿಮಿಷ ಅರ್ಥ ಆಗ್ಲಿಲ್ಲ. ಆಮೇಲೆ ಹೊಳೀತು — ಬಣ್ಣ.

ಹಗಲು ನೀಲಿ, ರಾತ್ರಿ ಕೆಂಪು. ಟ್ರೇನಿಂಗಿನ ಮೊದಲನೇ ವಾರ ಕಲಿಸ್ತಾರೆ. ಸಂಜೆ ಏಳರಿಂದ ಬೆಳಿಗ್ಗೆ ಏಳರ ತನಕ ಬರೆಯೋದೆಲ್ಲಾ ಕೆಂಪು ಶಾಯಿ — ಯಾವ ಪಾಳಿಯಲ್ಲಿ ಏನಾಯ್ತು ಅಂತ ಕಣ್ಣಿಗೆ ಕಾಣ್ಲಿ ಅಂತ. ನನ್ನ ಕೆಂಪು ಪೆನ್ನು, ಹಗಲಿನವರಿಗೆ ಹ್ಯಾಂಡೋವರ್ ವರದಿ ಬರೆದು, ಮೇಜಿನ ಮೇಲೇ ಬಿಟ್ಟಿದ್ದೆ. ಬಾಗಿಲ ಹತ್ರ ಜೇಬಿಗೆ ಕೈ ಹಾಕ್ದೆ, ಸಿಕ್ಕಿದ್ದು ನೀಲಿ.

ಮೂರು ಕೆಂಪು ಸಾಲು. ಪಕ್ಕದಲ್ಲಿ ಮೂರು ನೀಲಿ ಸೈನ್. ಆ ಪುಟ ತೆರೆದಿಟ್ರೆ ಯಾವ ನರ್ಸ್ ಆದ್ರೂ ಹೇಳ್ತಾರೆ, ಇವಳು ರಾತ್ರಿ ಅಲ್ಲಿರ್ಲಿಲ್ಲ ಅಂತ. ಬಸಾದಿ ಒಬ್ಬರೇ ಇದ್ದದ್ದು ನಿಜ ಅಂತ. ಆಸ್ಪತ್ರೆ ತನ್ನದೇ ರೂಲ್ ಮುರಿದು ಒಬ್ಬಳನ್ನ ಬಿಟ್ಟಿತ್ತು ಅಂತ.

ಮತ್ತೆ, ನಾನು ಸುಳ್ಳು ಸೈನ್ ಹಾಕ್ದೆ ಅಂತ.

"ರ್ರಾ," ಅಂದೆ, "ಮೇಟ್ರನ್ನೂ ನರ್ಸೇ ಅಲ್ವಾ. ಅವರು ನೋಡಿರಲ್ವಾ?"

"ಇವತ್ತು ಬಿಸಿಲು ಜಾಸ್ತಿ," ಅಂದ್ರು. ಕೈ ಒರೆಸ್ಕೊಂಡು ಎದ್ರು.

ಮೇ 24, ರಾತ್ರಿ 9

ಸಂಘದ ಮೀಟಿಂಗು ಕ್ಯಾಂಟೀನಲ್ಲಿ. ಹತ್ತೊಂಬತ್ತು ಜನ ಬಂದ್ರು. ನಾನು ಕುರ್ಚಿ ಜೋಡಿಸ್ದೆ, ಬಾಗಿಲು ಹಾಕ್ದೆ.

ರ್ರಾ ಸೆಬೀನಾ ಯಾರ ಹೆಸರೂ ಎತ್ತಲಿಲ್ಲ. ಒಂದೇ ಒಂದು ಕೇಳಿದ್ರು. "ಈ ವರ್ಷ ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದು, ಬೆಳಿಗ್ಗೆ ಪಕ್ಕದವರ ಕೈಲಿ ಸೈನ್ ಹಾಕಿಸ್ಕೊಂಡವರು, ಅಥವಾ ಹಾಕ್ದವರು. ಎಷ್ಟು ಜನ?"

ಫೈಲಿಂದ ಒಂದು ಬಿಳಿ ಹಾಳೆ ತೆಗೆದ್ರು.

"ಒಬ್ಬರು ಹೇಳಿದ್ರೆ ತಪ್ಪು ಮಾಡಿದವರಾಗ್ತೀರ. ಎಲ್ಲಾರೂ ಹೇಳಿದ್ರೆ ಆಸ್ಪತ್ರೆ ಉತ್ತರ ಕೊಡ್ಬೇಕಾಗುತ್ತೆ. ಹಾಳೆ ಕಳಿಸ್ತೀನಿ. ಹೆಸರು, ವಾರ್ಡು. ಬಲವಂತ ಇಲ್ಲ."

ಓಟ್ಸಿಲೆ ಹಿಂದಿಂದ ಕೇಳ್ದ, "ರ್ರಾ, ಬರೆಯೋದು ಯಾವ ಬಣ್ಣದಲ್ಲಿ?"

ನಕ್ಕರು ನೋಡು. ಹೊಟ್ಟೆ ಹಿಡ್ಕೊಂಡು ನಕ್ಕರು, ಹತ್ತೊಂಬತ್ತೂ ಜನ. ಆಗ್ಲೇ ಗೊತ್ತಾಗೋಯ್ತು ಎಷ್ಟು ಜನ ಅಂತ. ಆಮೇಲೆ ಹಾಳೆ ಹೊರಟಿತು. ಕೈಯಿಂದ ಕೈಗೆ. ಬೇಗ ಬೇಗ, ಬಿಸಿ ಪಾತ್ರೆ ದಾಟಿಸೋ ಹಾಗೆ. ವಾಪಸ್ ಬಂತು. ಖಾಲಿ.

ಹೆರಿಗೆ ವಾರ್ಡಿನ ಮ್ಮಾ ಕೆದಿಬೋನೆ ನನ್ನ ಕಡೆ ತಿರುಗಿ ಅಂದ್ರು, "ನೀನೇ ಮೊದಲು ಬರಿ ನೋಡೋಣ. ಪ್ರತಿನಿಧಿ ಅಲ್ವಾ. ನಿಂಗೇನಮ್ಮಾ, ಹೊರಗಿನವಳು, ನಾಳೆ ಗಂಟು ಕಟ್ಕೊಂಡು ಹೋಗ್ತೀಯ. ಇಲ್ಲೇ ಇದ್ದು ಈ ಮೇಟ್ರನ್ ಮುಖ ನೋಡ್ಬೇಕಾದವರು ನಾವು."

ಪೆನ್ನು ಕೈಯಲ್ಲೇ ಇತ್ತು. ಕ್ಯಾಪ್ ತೆಗೆದಿದ್ದೆ.

ಬರೀಲಿಲ್ಲ.

ರ್ರಾ ಸೆಬೀನಾ ಖಾಲಿ ಹಾಳೆ ನೀಟಾಗಿ ಮಡಚಿ ಫೈಲಲ್ಲಿಟ್ರು. ಅವರ ಮುಖದಲ್ಲಿ ಬೈಗುಳ ಏನೂ ಇರ್ಲಿಲ್ಲ. ಇದ್ದಿದ್ರೆ ಚೆನ್ನಾಗಿತ್ತು.

ಮೇ 25, ಬೆಳಗಿನ ಜಾವ 4.10

ಓಟ್ಸಿಲೆ ಗೋಡೆ ತಟ್ಟಿದ. "ಮಲಾವಿ, ಎದ್ದಿದೀಯಾ?" ಅಂದ. ಎದ್ದಿದೀನಿ ಅಂದೆ. "ನಾನು ಬರೀಬೋದಿತ್ತು. ಜೋಕ್ ಮಾಡ್ಬಿಟ್ಟೆ." ಅಷ್ಟೇ.

ಮೇ 31, ಸಂಜೆ 6.20

ಮೇಟ್ರನ್ ತ್ಲಾಲೆ ಕರೆಸಿದ್ರು. ಕೂರು ಅಂದ್ರು. ಇಷ್ಟು ದಿನದಲ್ಲಿ ಒಂದು ದಿನಕ್ಕೂ ಕೂರು ಅಂದವರಲ್ಲ.

"ನಾಲ್ಕನೇ ತಾರೀಖು ವಿಚಾರಣೆ. ಆಡಳಿತದ ಕಡೆಯಿಂದ ನೀನು ಸಾಕ್ಷಿ."

"ಮೇಟ್ರನ್, ನಾನು ಸಂಘದ ಪ್ರತಿನಿಧಿ —"

"ಗೊತ್ತು. ಒಂದೇ ಪ್ರಶ್ನೆ. ಇದು ನಿನ್ನ ಸೈನಾ? ಹೌದು ಅನ್ನು, ಎದ್ದು ಹೋಗು. ನಿನ್ನ ಸೈನೇ ತಾನೆ?"

"ನನ್ನದೇ."

"ಮತ್ತೆ. ಸುಳ್ಳು ಹೇಳು ಅಂತ ಯಾರೂ ಕೇಳ್ತಿಲ್ಲ."

ಮೇಜಿನ ಮೇಲೆ ನನ್ನ ಫಾರ್ಮು. ಮೇ ಒಂಬತ್ತಕ್ಕೆ ಇಟ್ಟ ಜಾಗದಲ್ಲೇ. ಅದರ ಮೇಲೊಂದು ಸ್ಟೇಪ್ಲರ್. ಅವರು ಸ್ಟೇಪ್ಲರ್ ಎತ್ತಿದ್ರು, ಫಾರ್ಮ್ ನೇರ ಮಾಡಿದ್ರು, ಮತ್ತೆ ಇಟ್ರು.

"ಇದನ್ನ ಆವತ್ತು ಸಂಜೆ ಸೈನ್ ಮಾಡಿ ಕಳಿಸ್ತೀನಿ. ಒಳ್ಳೆ ನರ್ಸು ನೀನು. ಹೋಗ್ಬೇಕು ಮುಂದಕ್ಕೆ."

ಹೆದರಿಸ್ತಿದ್ರಾ? ಧ್ವನಿ ಹಾಗಿರ್ಲಿಲ್ಲ. ಅವರ ಕೈ ನೋಡ್ದೆ, ಉಗುರಿನ ಸುತ್ತ ಕಚ್ಚಿ ಕಚ್ಚಿ ಚರ್ಮ ಎದ್ದಿದೆ. ಅವರಿಗೇ ಏನೋ ಹೆದರಿಕೆ ಅನ್ನಿಸ್ತು. ಯಾಕೆ ಅಂತ ತಿಳೀಲಿಲ್ಲ.

ಜೂನ್ 2, ರಾತ್ರಿ 12.45

ಐರ್ಲೆಂಡಿಂದ ಮೇಲ್. ಇಪ್ಪತ್ತರೊಳಗೆ ಎಲ್ಲಾ ಕಾಗದ ಬರ್ಬೇಕು. ಆಮೇಲೆ ಅರ್ಜಿ ಮುಚ್ಚುತ್ತೆ.

ಹೌದು ಅನ್ನೋದು. ಒಂದು ಮಾತು. ಅದೂ ನಿಜವೇ.

ಕನ್ನಡಿ ಮುಂದೆ ಹೇಳಿ ನೋಡ್ದೆ. ಹೌದು. ಹೌದು. ಚೆನ್ನಾಗಿ ಬರುತ್ತೆ.

ಜೂನ್ 4, ಮಧ್ಯಾಹ್ನ 2.30

ವಿಚಾರಣೆಯಿಂದ ನೇರ ಬಂದೆ. ಲಾಂಡ್ರಿ ಹಿಂದೆ ಕೂತಿದೀನಿ, ಗಾಳಿ ತಣ್ಣಗಿದೆ. ಈಗ್ಲೇ ಹೇಳ್ಬೇಕು, ರಾತ್ರಿಗೆ ಬಿಟ್ರೆ ನಾನೇ ಏನಾದ್ರೂ ಸೇರಿಸ್ತೀನಿ.

ಸಣ್ಣ ಕಾನ್ಫರೆನ್ಸ್ ರೂಮು. ನಡುವೆ ಅಧ್ಯಕ್ಷರು, ಜಿಲ್ಲಾ ಆಫೀಸಿನವರು. ನರ್ಸ್ ಅಲ್ಲ, ಲೆಕ್ಕಪತ್ರದ ಕಡೆಯವರು, ಕನ್ನಡಕ ಮೂಗಿನ ತುದೀಲಿ. ಒಂದು ಕಡೆ ಮೇಟ್ರನ್. ಇನ್ನೊಂದು ಕಡೆ ರ್ರಾ ಸೆಬೀನಾ, ಪಕ್ಕದಲ್ಲಿ ಮ್ಮಾ ಬಸಾದಿ. ಚರ್ಚಿಗೆ ಹೋಗೋ ಬಟ್ಟೆ ಹಾಕ್ಕೊಂಡು ಬಂದಿದ್ರು. ನನ್ನ ನೋಡ್ಲಿಲ್ಲ.

ಮೇಟ್ರನ್ ಹಾಳೆ ಮುಂದಿಟ್ರು. "ಇದು ನಿನ್ನ ಸೈನಾ?"

"ಹೌದು."

"ಅಷ್ಟೇ, ಸರ್."

ಅಧ್ಯಕ್ಷರು ರ್ರಾ ಸೆಬೀನಾ ಕಡೆ ತಿರುಗಿದ್ರು. "ನಿಮ್ಮದೇನಾದ್ರೂ ಪ್ರಶ್ನೆ?"

ಈಗ ಕೇಳ್ತಾರೆ ಅಂದ್ಕೊಂಡೆ. ಒಂದೇ ಪ್ರಶ್ನೆ ಸಾಕಿತ್ತು, ಎಷ್ಟು ಗಂಟೆಗೆ ಹಾಕ್ದೆ ಅಂತ. ಕೇಳಿದ್ರೆ ಹೇಳ್ಬೇಕಾಗ್ತಿತ್ತು, ಕೇಳಿದ್ರಲ್ಲ ಅಂತ ಆಮೇಲೆ ನಂಗೆ ನಾನೇ ಸಮಾಧಾನ ಹೇಳ್ಕೋಬೋದಿತ್ತು. ಅವರು ನನ್ನ ಮುಖ ನೋಡಿದ್ರು. ಫೈಲ್ ನೋಡಿದ್ರು.

"ಪ್ರಶ್ನೆ ಇಲ್ಲ, ಸರ್."

ಮಾತು ಉಳಿಸ್ಕೊಂಡ್ಬಿಟ್ರು.

"ಹೋಗ್ಬೋದು ನೀನು," ಅಂದ್ರು ಅಧ್ಯಕ್ಷರು.

ಎದ್ದೆ. ಬಾಗಿಲ ತನಕ ಹೋದೆ. ಹಿಡಿಕೆ ಹಿಡ್ಕೊಂಡೆ. ಅಲ್ಲಿಂದ್ಲೇ, ತಿರುಗಿ ಕೂಡ ನೋಡದೆ, ಅಂದೆ — "ಸರ್, ಅದು ಫೋಟೊಕಾಪಿ. ಬುಕ್ ತರ್ಸಿ."

"ಹೋಗು ಮಗಳೇ," ಅಂದ್ರು ಮ್ಮಾ ಬಸಾದಿ. ಮೆಲ್ಲಗೆ. "ಹೋಗ್ತಾ ಇರು."

"ಯಾಕೆ ಬೇಕು ಬುಕ್ಕು?" ಅಧ್ಯಕ್ಷರು.

"ಅದರಲ್ಲಿ ಬಣ್ಣ ಇದೆ ಸರ್."

ಮೇಟ್ರನ್ ಅಂದ್ರು, ಅನಗತ್ಯ, ಪ್ರತಿ ದೃಢೀಕರಿಸಿದ್ದೇನೆ. ಅಧ್ಯಕ್ಷರು ಲೆಕ್ಕದ ಮನುಷ್ಯ, ಅಸಲು ಇರ್ಬೇಕಾದ್ರೆ ನಕಲು ಯಾಕೆ ಅಂದ್ರು. ಹತ್ತು ನಿಮಿಷ ಆಯ್ತು ಬರೋಕೆ. ಹೊರಗೆ ಟ್ರಾಲಿ ಹೋಯ್ತು, ಒಂದು ಚಕ್ರ ಕೀರಲು.

ಬುಕ್ ಬಂತು. ಪುಟ ತೆರೆದ್ರು. ನಾನು ಮೇಜಿನ ಹತ್ರ ಹೋಗಿ ಬೆರಳಿಟ್ಟು ತೋರಿಸ್ದೆ. ರಾತ್ರಿ ಕೆಂಪು ಸರ್, ಹಗಲು ನೀಲಿ. ಇದು ಅವರು ಬರ್ದದ್ದು, ಆಯಾ ಹೊತ್ತಿಗೆ. ಇದು ನಾನು, ಬೆಳಿಗ್ಗೆ, ಬಾಗಿಲ ಹತ್ರ. ಅವರು ಏನು ಕೊಟ್ರು, ಏನು ಒಡೀತು, ಯಾವುದೂ ನಾನು ನೋಡಿಲ್ಲ. ಅವರು ಒಬ್ಬರೇ ಇದ್ರು. ನಾನು ಸುಳ್ಳು ಸೈನ್ ಹಾಕ್ದೆ.

"ಹಾಕು ಅಂದವಳು ನಾನು," ಅಂದ್ರು ಮ್ಮಾ ಬಸಾದಿ.

"ಇದೊಂದೇ ಸಲಾನಾ?" ಅಂತ ಅಧ್ಯಕ್ಷರು ನನ್ನ ಕೇಳಿದ್ರು. ನನ್ನ ಉತ್ತರಕ್ಕೆ ಕಾಯ್ಲಿಲ್ಲ. ಹಿಂದಿನ ಪುಟ ತಿರುಗಿಸಿದ್ರು. ಕೆಂಪು, ನೀಲಿ. ಅದರ ಹಿಂದಿನದು. ಕೆಂಪು, ನೀಲಿ. ಏಪ್ರಿಲ್. ಮಾರ್ಚ್. ಬೆರಳಿಗೆ ಎಂಜಲು ಹಚ್ಕೊಂಡು ನಿಧಾನ ತಿರುಗಿಸ್ತಿದ್ರು, ಬ್ಯಾಂಕಿನವರ ಹಾಗೆ. ಮಾರ್ಚಲ್ಲಿ ಒಂದು ಕಡೆ ನಿಂತ್ರು. ಒಂದೇ ಸೈನ್, ರಾತ್ರಿ ಮೇಲೆ ರಾತ್ರಿ, ಎಲ್ಲಾ ನೀಲಿ. ದೊಡ್ಡ ಬಾಲದ ಸೈನ್.

ನಂಗೆ ಗೊತ್ತು ಆ ಬಾಲ. ಆಸ್ಪತ್ರೆಯ ಪ್ರತಿ ಸುತ್ತೋಲೆ ಕೆಳಗೂ ಇರುತ್ತೆ. ಮಾರ್ಚಲ್ಲಿ ನಾಲ್ಕು ಜನ ನರ್ಸ್ ಒಟ್ಟಿಗೆ ಬಿಟ್ಟು ಹೋಗಿದ್ರು, ಸೈನ್ ಹಾಕೋಕೂ ಪಕ್ಕದ ವಾರ್ಡಲ್ಲಿ ಜನ ಇರ್ಲಿಲ್ಲ. ಬೆಳಿಗ್ಗೆ ಬಂದು ಯಾರು ಹಾಕ್ತಿದ್ರು ಅಂತ ನಾನು ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ.

ಮ್ಮಾ ಬಸಾದಿ ಕಿಟಕಿ ನೋಡ್ತಿದ್ರು. ಅವರಿಗೆ ಗೊತ್ತಿತ್ತು. ಮೊದಲಿಂದ್ಲೂ.

"ಈ ಸೈನ್ ಯಾರದು?" ಅಂದ್ರು ಅಧ್ಯಕ್ಷರು.

ಮೇಟ್ರನ್ ತ್ಲಾಲೆ ನೀರಿನ ಲೋಟ ಎತ್ತಿದ್ರು. ಕುಡೀದೆ ಇಟ್ರು. ಆಮೇಲೆ ನೆಟ್ಟಗೆ ಕೂತು, ಸುತ್ತೋಲೆ ಓದೋ ಧ್ವನೀಲಿ ಅಂದ್ರು, "ಸರ್, ನಾನೂ ನರ್ಸ್‌ಗಳ ಸಂಘದ ಸದಸ್ಯೆ. ನನ್ನ ಪ್ರತಿನಿಧಿ ಇಲ್ದೆ ಆ ಪ್ರಶ್ನೆಗೆ ಉತ್ತರ ಕೊಡಲ್ಲ."

ರ್ರಾ ಸೆಬೀನಾ ಕೆಮ್ಮಿದ್ರು. ಕೆಮ್ಮೋ ನಗುವೋ, ಕರ್ಚೀಫ್ ಅಡ್ಡ ಇತ್ತು.

ಜೂನ್ 4, ರಾತ್ರಿ 10.15

ವಿಚಾರಣೆ ಹದಿನೆಂಟಕ್ಕೆ ಮುಂದಕ್ಕೆ. ಕಳ್ಳತನ ಅನ್ನೋ ಪದ ಅಧ್ಯಕ್ಷರು ತಾವೇ ಗೆರೆ ಹೊಡೆದು ತೆಗೆದ್ರು. "ಈ ಬುಕ್ ಇಟ್ಕೊಂಡು ಯಾರನ್ನೂ ಕಳ್ಳ ಅನ್ನೋಕಾಗಲ್ಲ" ಅಂತ. ಈಗಿರೋದು ದಾಖಲೆ ಲೋಪ, ಅದಕ್ಕೆ ಹೆಚ್ಚಂದ್ರೆ ಎಚ್ಚರಿಕೆ ಪತ್ರ ಅಂತೆ. ರಾತ್ರಿ ಎಷ್ಟು ಜನ ನರ್ಸ್ ಇರ್ತಾರೆ ಅಂತ ಆರು ತಿಂಗಳ ಪಟ್ಟಿ ಕೇಳಿದಾರೆ.

ಹೊರಗೆ ಮ್ಮಾ ಬಸಾದಿ ಗೇಟ್ ತನಕ ನನ್ನ ಪಕ್ಕ ನಡ್ಕೊಂಡು ಬಂದ್ರು. ಆಮೇಲೆ, "ಹೋಯ್ತಲ್ಲ ನಿನ್ನ ಐರ್ಲೆಂಡು, ಹುಚ್ಚಿ." ಮೊದಲನೇ ಸಲ ಹೆಸರು ಸರಿಯಾಗಿ ಹೇಳಿದ್ರು. "ಮೇಟ್ರನ್ ಸೈನಿನ ವಿಷ್ಯ ಯಾಕೆ ಹೇಳ್ಲಿಲ್ಲ ನೀವು?" ಅಂದೆ. "ಮಾರ್ಚಲ್ಲಿ ಬೆಳಿಗ್ಗೆ ಬೆಳಿಗ್ಗೆ ಬಂದು ಬೆಡ್‌ಪ್ಯಾನೂ ತೊಳೆದ್ಲು ಅವಳು. ಅದು ಯಾವ ಬುಕ್ಕಲ್ಲಿದೆ?" ಅಂದ್ರು. "ಊಟ ಮಾಡಿದೀಯಾ ಇಲ್ವಾ?"

ಸಂಜೆ ಮೆಮೊ ಬಂತು ನಂಗೆ. ಸುಳ್ಳು ಸಾಕ್ಷಿ ಸಹಿ, ಏಳು ದಿನದೊಳಗೆ ವಿವರಣೆ. ಕೆಳಗೆ ದೊಡ್ಡ ಬಾಲದ ಸೈನ್.

ಜೂನ್ 7, ಬೆಳಿಗ್ಗೆ 5.40

ಬಾಗಿಲ ಕೆಳಗೆ ಒಂದು ಹಾಳೆ. ಓಟ್ಸಿಲೆ ಬರ್ದದ್ದು. ಹೆಸರು, ವಾರ್ಡು, ಬೆಳಿಗ್ಗೆ ಸೈನ್ ಹಾಕಿದ ಹದಿಮೂರು ರಾತ್ರಿಗಳ ತಾರೀಖು. ಕೆಳಗೆ ಇನ್ನಾರದೋ ಕೈಬರಹ, ಮ್ಮಾ ಕೆದಿಬೋನೆ, ಹೆರಿಗೆ ವಾರ್ಡು, "ನೆನಪಿರುವಷ್ಟು." ಇಬ್ಬರು. ಹತ್ತೊಂಬತ್ತರಲ್ಲಿ ಇಬ್ಬರು. ನನ್ನ ಸೇರಿಸಿದ್ರೆ ಮೂರು.

ಐದಕ್ಕೆ ಫೋನ್ ಬಂತು. ಮೇಟ್ರನ್.

"ಮಲಗಿದ್ಯಾ?"

"ಇಲ್ಲ ಮೇಟ್ರನ್."

"ಸೆಬೀನಾ ಈಗ ಬಸಾದಿ ಕಡೆ. ಅವನು ನನ್ನ ಪಕ್ಕ ಕೂರಲ್ಲ. ಇಲ್ಲಿನ ಪ್ರತಿನಿಧಿ ನೀನೇ ತಾನೆ?"

"ನನ್ನ ಮೆಮೊಗೆ ಸೈನ್ ಹಾಕಿದ್ದು ನೀವು."

"ಹಾಕ್ಲೇಬೇಕಿತ್ತು."

"ಗೊತ್ತು."

ಅವರ ಮನೇಲಿ ಎಲ್ಲೋ ಕೋಳಿ ಕೂಗ್ತು.

ಹೇಳ್ದೆ — ನಾನೇ ಸಾಕ್ಷಿ, ಹದಿನೆಂಟಕ್ಕೆ ನಿಮ್ಮ ಪಕ್ಕ ಕೂರೋಕಾಗಲ್ಲ. ಬೇರೆ ಶಾಖೆಯಿಂದ ಯಾರನ್ನಾದ್ರೂ ಕಳ್ಸಿ ಅಂತ ರ್ರಾ ಸೆಬೀನಾಗೆ ಇವತ್ತೇ ಕೇಳ್ತೀನಿ. ಆದ್ರೆ ಮೊದಲ ಹೇಳಿಕೆ ಬರ್ಕೋಬೇಕಾದ್ದು ಇಲ್ಲಿನ ಪ್ರತಿನಿಧಿ. ಅದು ನಾನು. ನಾನು ಬರ್ಕೊಂಡ್ರೆ ಅದು ಉಪಯೋಗಕ್ಕೆ ಬಂದೇ ಬರುತ್ತೆ, ನಿಮಗೂ, ಮ್ಮಾ ಬಸಾದಿಗೂ. ಬೇಡ ಅಂದ್ರೆ ಈಗ್ಲೇ ಹೇಳಿ, ಹವಾಮಾನ ಮಾತಾಡೋಣ.

"ಪೆನ್ ಇದೆಯಾ?" ಅಂದ್ರು.

ಇತ್ತು. ಮಾರ್ಚ್ ಮೂರರಿಂದ ಶುರು ಮಾಡಿದ್ರು. ಒಂದೊಂದು ರಾತ್ರಿಗೂ ವಾರ್ಡಲ್ಲಿ ಯಾರಿದ್ರು, ಎಷ್ಟು ಪೇಷೆಂಟು, ತಾವು ಬಂದದ್ದು ಬೆಳಿಗ್ಗೆ ಎಷ್ಟು ಗಂಟೆಗೆ. ಬುಕ್ ನೋಡ್ದೆನೇ ಹೇಳ್ತಿದ್ರು. ಎಲ್ಲಾ ನೆನಪಿದೆ ಅವರಿಗೆ. ಎಂಟನೇ ತಾರೀಖಿಗೆ ಬಂದಾಗ ನಿಲ್ಲಿಸಿ, ನೀರು ಕುಡ್ದು ಮತ್ತೆ ಫೋನ್ ಮಾಡ್ತೀನಿ ಅಂತ ಇಟ್ರು. ಇನ್ನೂ ಆರು ರಾತ್ರಿ ಬಾಕಿ ಇದೆ. ಏಳಕ್ಕೆ ನನ್ನ ಡ್ಯೂಟಿ, ಅಷ್ಟರಲ್ಲಿ ಮುಗೀಬೇಕು, ಆಮೇಲೆ ಕೇಳ್ಬೇಕು ಆ ಎಂಟನೇ ತಾರೀಖು ಏನಾಯ್ತು ಅಂತ, ಯಾಕಂದ್ರೆ ಆವತ್ತು — ಫೋನ್ ಬಂತು, ಅವರೇ